ಬಾವಂಚಿ: ಬಿಸಿಲಿಲ್ಲದೆ ಕೆಲಸ ಮಾಡದ ಬೀಜ

ಗ್ರಂಥಿಗೆ ಅಂಗಡಿಯಲ್ಲಿ ಬಾವಂಚಿ ಕೇಳಿದರೆ ಕಪ್ಪಗಿನ, ಒಂದು ಬದಿ ತುಸು ಒಳಬಾಗಿದ, ಎಳ್ಳಿಗಿಂತ ದಪ್ಪನೆಯ ಕಾಳುಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಜಜ್ಜಿದರೆ ಬೆರಳಿಗೆ ಎಣ್ಣೆಯ ಅಂಟು, ಮೂಗಿಗೆ ಘಾಟು ಬೆರೆತ ಪರಿಮಳ. ನಾಲಿಗೆಯ ಮೇಲಿಟ್ಟರೆ ಮೊದಲು ಕಹಿ, ಹಿಂದೆಯೇ ಉರಿ. ಬಾವಂಚಿಗೆ ಎನ್ನುವವರೂ ಉಂಟು. ಸಂಸ್ಕೃತದ ಬಾಕುಚಿ ಇದೇ. ಆಯುರ್ವೇದದಲ್ಲಿ ಇದು ಚರ್ಮರೋಗಗಳ ಮದ್ದು, ಅದರಲ್ಲೂ ತೊನ್ನಿನ ಮದ್ದು.

ಗಿಡ ದೊಡ್ಡದೇನಲ್ಲ. ಒಂದು ವರ್ಷ ಬದುಕುವ, ಸೊಂಟದೆತ್ತರಕ್ಕೆ ಬರುವ ನೆಟ್ಟನೆಯ ಸಸ್ಯ. ಅವರೆ, ತೊಗರಿಗಳ ಕುಟುಂಬಕ್ಕೇ ಸೇರಿದೆ. ದುಂಡನೆಯ ಎಲೆಯ ಅಂಚು ಹಲ್ಲುಹಲ್ಲಾಗಿರುತ್ತದೆ, ಮೈಮೇಲೆ ಕಪ್ಪು ಚುಕ್ಕೆಗಳಂಥ ಗ್ರಂಥಿಗಳಿರುತ್ತವೆ. ಈ ಗ್ರಂಥಿಗಳನ್ನು ನೋಡಿಯೇ ಸಸ್ಯಶಾಸ್ತ್ರಜ್ಞರು ಈ ಕುಲಕ್ಕೆ ‘ಕಜ್ಜಿಯಂಥದ್ದು’ ಎಂಬ ಅರ್ಥದ ಗ್ರೀಕ್ ಮಾತಿನಿಂದ ಸೋರೇಲಿಯಾ ಎಂದು ಹೆಸರಿಟ್ಟರು. ಈಚಿನ ವರ್ಗೀಕರಣದಲ್ಲಿ ಗಿಡವನ್ನು ಬೇರೆ ಕುಲಕ್ಕೆ ಸೇರಿಸಿದ್ದಾರೆ, ಆದರೂ ಹಳೆಯ ಸೋರೇಲಿಯಾ ಕೋರಿಲಿಫೋಲಿಯಾ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಎಲೆಯ ಕಂಕುಳಲ್ಲಿ ನೀಲಿ ನೇರಳೆ ಬಣ್ಣದ ಚಿಕ್ಕ ಹೂಗಳ ಗೊಂಚಲು. ಒಂದೊಂದು ಕಾಯಿಯಲ್ಲೂ ಒಂದೇ ಬೀಜ. ಕಾಯಿಯ ಸಿಪ್ಪೆ ಬೀಜಕ್ಕೆ ಅಂಟಿಕೊಂಡೇ ಒಣಗುವುದರಿಂದ, ಅಂಗಡಿಯಲ್ಲಿ ನಾವು ಬೀಜವೆಂದು ಕೊಳ್ಳುವುದು ನಿಜಕ್ಕೂ ಇಡೀ ಕಾಯಿಯನ್ನು.

ಆಯುರ್ವೇದದ ಮೂಲಿಕೆ ನಿಘಂಟುಗಳಲ್ಲಿ ಇದಕ್ಕೆ ಹೆಸರುಗಳ ದಂಡೇ ಇದೆ: ಅವಲ್ಗುಜ, ಸೋಮರಾಜಿ, ಶಶಾಂಕಲೇಖಾ, ಕೃಷ್ಣಫಲಾ, ಪೂತಿಫಲಿ, ಕುಷ್ಠಘ್ನಿ. ಇವುಗಳಲ್ಲಿ ಸೋಮರಾಜಿ ಎಂಬುದು ತೊಡಕಿನದು. ನಮ್ಮಲ್ಲಿ ಕಾಡುಜೀರಿಗೆ ಎನ್ನುವ, ಸೇವಂತಿಗೆ ಕುಟುಂಬದ ಬೇರೊಂದು ಗಿಡದ ಬೀಜವನ್ನೂ ಬಂಗಾಳದ ಕಡೆ ಸೋಮರಾಜಿ ಎಂದೇ ಕರೆಯುತ್ತಾರೆ, ಅದನ್ನೂ ಚರ್ಮರೋಗಕ್ಕೇ ಬಳಸುತ್ತಾರೆ. ಹೀಗಾಗಿ ಗ್ರಂಥದ ಯೋಗವೊಂದರಲ್ಲಿ, ಅಂದರೆ ಮದ್ದಿನ ಮಿಶ್ರಣದಲ್ಲಿ, ಸೋಮರಾಜಿ ಎಂದಿದ್ದರೆ ಯಾವ ಕಾಳು ಹಾಕಬೇಕೆಂಬುದನ್ನು ವೈದ್ಯರೇ ತೀರ್ಮಾನಿಸಬೇಕಾಗುತ್ತದೆ. ಕಣ್ಣಿಗೆ ಇವೆರಡೂ ಬೇರೆಯೇ. ಕಾಡುಜೀರಿಗೆ ಉದ್ದವಾಗಿ, ಗೆರೆಗೆರೆಯಾಗಿರುತ್ತದೆ.

ಕುಷ್ಠಘ್ನಿ ಎಂಬ ಹೆಸರನ್ನೂ ಎಚ್ಚರದಿಂದ ಓದಬೇಕು. ಆಯುರ್ವೇದದಲ್ಲಿ ಕುಷ್ಠವೆಂದರೆ ಹಲವು ಬಗೆಯ ಚರ್ಮರೋಗಗಳಿಗೆ ಒಟ್ಟು ಹೆಸರು. ಇಂದು ನಾವು ಕುಷ್ಠರೋಗ ಎನ್ನುವುದು ಬ್ಯಾಕ್ಟೀರಿಯಾದಿಂದ ಬರುವ ಒಂದೇ ಕಾಯಿಲೆ. ತೊನ್ನಿಗೆ ಗ್ರಂಥಗಳಲ್ಲಿ ಶ್ವಿತ್ರ, ಕಿಲಾಸ ಎಂಬ ಹೆಸರುಗಳಿವೆ. ಅದು ಸೋಂಕಲ್ಲ, ಮುಟ್ಟಿದರೆ ಅಂಟುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ತಿರುಗಿಬೀಳುವುದರಿಂದ ಬಿಳಿ ಮಚ್ಚೆಗಳು ಮೂಡುತ್ತವೆ. ‘ಬಿಳಿ ಕುಷ್ಠ’ ಎಂಬ ತಪ್ಪು ಹೆಸರು ಎಷ್ಟು ಮದುವೆಗಳನ್ನು ಮುರಿದಿದೆಯೋ!

ಈ ಬೀಜ ಮಾಡುವ ಕೆಲಸ ವಿಚಿತ್ರವಾದದ್ದು. ಬಾವಂಚಿಯಲ್ಲಿ ಸೋರಲೆನ್ ಎಂಬ ವಸ್ತುವಿದೆ. ಗಿಡದ ಹಳೆಯ ಹೆಸರೇ ಅದಕ್ಕೂ ಬಂದಿದೆ. ಚರ್ಮದ ಕೋಶಗಳನ್ನು ಹೊಕ್ಕ ಸೋರಲೆನ್, ಡಿಎನ್‌ಎಯ ಮೆಟ್ಟಿಲುಗಳ ನಡುವೆ ನುಸುಳಿ ಸುಮ್ಮನೆ ಕುಳಿತಿರುತ್ತದೆ. ಕತ್ತಲೆಯಲ್ಲಿ ಅದು ಹೆಚ್ಚೇನೂ ಮಾಡುವುದಿಲ್ಲ. ಬಿಸಿಲಿನಲ್ಲಿರುವ ನೇರಳಾತೀತ ‘ಎ’ ಕಿರಣಗಳು, ಅಂದರೆ 320ರಿಂದ 400 ನ್ಯಾನೋಮೀಟರ್ ತರಂಗಾಂತರದವು, ಬಿದ್ದ ಕೂಡಲೇ ಅದು ಡಿಎನ್‌ಎಯ ಎಳೆಗಳಿಗೆ ಬೆಸೆದುಕೊಳ್ಳುತ್ತದೆ. ಒಂದಿಷ್ಟು ಕೋಶಗಳು ಸಾಯುತ್ತವೆ, ಚರ್ಮ ಕೆಂಪಾಗುತ್ತದೆ, ದಾಳಿ ಮಾಡುತ್ತಿದ್ದ ರಕ್ಷಣಾ ಕೋಶಗಳು ತಗ್ಗುತ್ತವೆ, ಉಳಿದಿರುವ ಬಣ್ಣದ ಕೋಶಗಳು ಚುರುಕಾಗುತ್ತವೆ. ಹಾಗಾದರೆ ಮಚ್ಚೆಯ ಬಿಳಿ ಚರ್ಮದಲ್ಲಿ ಬಣ್ಣದ ಕೋಶಗಳು ಉಳಿದಿರುವುದೆಲ್ಲಿ? ಕೂದಲಿನ ಬುಡದಲ್ಲಿ. ಅಲ್ಲಿ ಅಡಗಿರುವ ಕೋಶಗಳು ಎಚ್ಚೆತ್ತು ಮೇಲಕ್ಕೆ ಬರುತ್ತವೆ. ಅದಕ್ಕೇ ಗುಣವಾಗುತ್ತಿರುವ ಮಚ್ಚೆಯಲ್ಲಿ ಬಣ್ಣ ಒಂದೇ ಸಮನೆ ಹರಡದೆ, ಒಂದೊಂದು ರೋಮದ ಸುತ್ತ ಕಂದು ಚುಕ್ಕೆಯಾಗಿ ಮೂಡಿ, ಚುಕ್ಕೆಗಳು ಹಿಗ್ಗಿ ಒಂದಕ್ಕೊಂದು ಸೇರುತ್ತವೆ.

ಇದರ ಇನ್ನೊಂದು ಮುಖವೂ ಇದೆ. ಅಂಗೈ, ಬೆರಳ ತುದಿ, ತುಟಿಗಳಲ್ಲಿ ರೋಮವಿಲ್ಲ. ಅಲ್ಲಿ ಕಾದಿಟ್ಟ ಕೋಶಗಳೂ ಇಲ್ಲ, ಬಣ್ಣ ಮರಳುವುದೂ ಅಪರೂಪ. ಮಚ್ಚೆಯ ಮೇಲಿನ ಕೂದಲೇ ಬೆಳ್ಳಗಾಗಿದ್ದರೆ ಬುಡದ ದಾಸ್ತಾನು ತೀರಿದೆ ಎಂದರ್ಥ. ಈಗ ಆಯುರ್ವೇದದ ಹಳೆಯ ಗ್ರಂಥವಾದ ವಾಗ್ಭಟನ ಅಷ್ಟಾಂಗಹೃದಯದಲ್ಲಿ ರೋಗಗಳನ್ನು ಗುರುತಿಸುವ ಭಾಗವಾದ ನಿದಾನಸ್ಥಾನವನ್ನು ತೆರೆಯಿರಿ. ರೋಮ ಬಿಳಿಯಾಗದ, ದಟ್ಟವಲ್ಲದ, ಒಂದರೊಡನೊಂದು ಬೆರೆಯದ, ಹೊಸದಾದ, ಬೆಂಕಿಯ ಸುಟ್ಟಗಾಯದಿಂದ ಬಂದದ್ದಲ್ಲದ ಶ್ವಿತ್ರ ಸಾಧ್ಯ, ಅಂದರೆ ಗುಣಪಡಿಸಬಹುದಾದದ್ದು, ಉಳಿದದ್ದನ್ನು ಬಿಡಬೇಕು ಎನ್ನುತ್ತದೆ ಅದು. ಗುಹ್ಯಭಾಗ, ಅಂಗೈ, ತುಟಿಗಳಲ್ಲಿ ಬಂದದ್ದಾದರೆ ಹೊಸದಾದರೂ ಬಿಡಬೇಕಂತೆ. ಸೂಕ್ಷ್ಮದರ್ಶಕವಿಲ್ಲದೆ, ಬಹುಶಃ ತಲೆಮಾರುಗಳ ಕಾಲ ರೋಗಿಗಳನ್ನು ನೋಡಿ ನೋಡಿ ಹೇಳಿದ ಮಾತಿದು. ಆಯುರ್ವೇದವನ್ನು ಹೊಗಳಬೇಕೆಂದಿರುವವರು ಪುಷ್ಪಕ ವಿಮಾನದವರೆಗೆ ಹೋಗಬೇಕಾಗಿಲ್ಲ, ಈ ಒಂದೂವರೆ ಶ್ಲೋಕ ಸಾಕು.

ಬಿಸಿಲಿನ ಪಾತ್ರವೂ ಹಿಂದಿನವರಿಗೆ ಗೊತ್ತಿತ್ತು. ಚರಕಸಂಹಿತೆಯ ಕುಷ್ಠಚಿಕಿತ್ಸೆಯ ಅಧ್ಯಾಯದಲ್ಲಿ ಶ್ವಿತ್ರಕ್ಕೆ ಹೇಳಿರುವ ಕ್ರಮವನ್ನು ನೋಡಿ. ಮಲಪೂ ಎಂಬ ಕಾಡತ್ತಿಯ ರಸವನ್ನು ಬೆಲ್ಲದೊಂದಿಗೆ ಕುಡಿಸಬೇಕು, ಮೈಗೆ ಎಣ್ಣೆ ಹಚ್ಚಿಸಿ, ರೋಗಿಗೆ ತಡೆಯುವಷ್ಟು ಹೊತ್ತು ಬಿಸಿಲಿನಲ್ಲಿ ಕೂರಿಸಬೇಕು. ಮಚ್ಚೆಗಳ ಮೇಲೆ ಬೊಬ್ಬೆಗಳೆದ್ದರೆ ಮುಳ್ಳಿನಿಂದ ಚುಚ್ಚಿ ನೀರು ತೆಗೆಯಬೇಕು. ಇಲ್ಲಿ ಮೊದಲ ಮದ್ದು ಬಾವಂಚಿಯಲ್ಲ ಎಂಬುದು ನಿಜ. ಆದರೆ ಅತ್ತಿಯ ಹತ್ತಿರದ ನೆಂಟನಾದ ಅಂಜೂರದ ಹಾಲಿನಲ್ಲೂ ಸೋರಲೆನ್ ಇದೆ. ಮದ್ದು, ಬಿಸಿಲು, ಬೊಬ್ಬೆ ಎಂಬ ಸರಣಿ ಇಂದಿನ ಚರ್ಮವೈದ್ಯರಿಗೆ ತಕ್ಷಣ ಗುರುತು ಸಿಗುವಂಥದ್ದು.

ಅಥರ್ವವೇದದಲ್ಲೇ ಬಾವಂಚಿಯ ಉಲ್ಲೇಖವಿದೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಿಲಾಸವನ್ನೂ ನರೆಯನ್ನೂ ಬಣ್ಣಗೊಳಿಸು ಎಂದು ರಾತ್ರಿ ಹುಟ್ಟಿದ ಕಪ್ಪು ಗಿಡವೊಂದನ್ನು ಬೇಡುವ ಸೂಕ್ತ ಅಲ್ಲಿರುವುದು ಹೌದು. ಅದರ ಹೆಸರು ರಜನಿ, ಅಸಿಕ್ನಿ ಎಂದಿದೆಯೇ ಹೊರತು ಬಾಕುಚಿ ಎಂದಿಲ್ಲ.

ಆಧುನಿಕ ರಸಾಯನಶಾಸ್ತ್ರ ಈ ಬೀಜದತ್ತ ತಿರುಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಲ್ಕತ್ತಾದ ಉಷ್ಣವಲಯ ವೈದ್ಯಶಾಲೆಯಲ್ಲಿದ್ದ ರಾಮನಾಥ ಚೋಪ್ರಾ 1920ರ ದಶಕದಲ್ಲಿ ಇದರ ಎಣ್ಣೆಯನ್ನು ಪರೀಕ್ಷಿಸಿದರು. 1933ರಲ್ಲಿ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ಎಂಬ ಮೂವರು ಬೀಜದ ರಾಸಾಯನಿಕ ವಿಶ್ಲೇಷಣೆಯನ್ನು ಪ್ರಕಟಿಸಿದರು. ಸೋರಲೆನ್ ಅಧ್ಯಯನದ ಚರಿತ್ರೆಯಲ್ಲಿ ಆ ಪ್ರಬಂಧವನ್ನು ಇಂದಿಗೂ ನೆನೆಯುತ್ತಾರೆ. ಅತ್ತ ಈಜಿಪ್ಟಿನಲ್ಲಿ, ನೈಲ್ ದಂಡೆಯ ಅಮ್ಮಿ ಎಂಬ ಕಳೆಗಿಡದ ಬೀಜ ತಿಂದು ಬಿಸಿಲಿಗೆ ಕೂರುವ ಪದ್ಧತಿ ತೊನ್ನಿಗೇ ಇತ್ತು. 1940ರ ದಶಕದ ಕೊನೆಯಲ್ಲಿ ಅದರಿಂದ ತೆಗೆದ ಸೋರಲೆನ್‌ನ ಸಹೋದರ ವಸ್ತುವನ್ನು ಕೈರೋದ ವೈದ್ಯ ಎಲ್ ಮೊಫ್ತಿ ರೋಗಿಗಳಿಗೆ ಕೊಟ್ಟು ಫಲಿತಾಂಶ ಬರೆದರು. 1974ರಲ್ಲಿ ಬಾಸ್ಟನ್ನಿನ ವೈದ್ಯರು ಬಿಸಿಲಿನ ಬದಲು ವಿದ್ಯುತ್ ದೀಪಗಳನ್ನಿಟ್ಟು ಸೋರಿಯಾಸಿಸ್ ಚಿಕಿತ್ಸೆಗೆ ಇದನ್ನು ಹೊಂದಿಸಿದರು. ಆಸ್ಪತ್ರೆಗಳಲ್ಲಿ ‘ಪುವಾ’ ಎಂದು ಕರೆಯುವುದು ಸೋರಲೆನ್ ಮತ್ತು ‘ಎ’ ಕಿರಣಗಳ ಈ ಜೋಡಿಯನ್ನೇ. ಸೋರಲೆನ್ ಮಾತ್ರೆ ನುಂಗಿದವರು ಆ ದಿನವೆಲ್ಲ ಕಪ್ಪು ಕನ್ನಡಕ ಹಾಕಿಕೊಂಡಿರಬೇಕು, ಏಕೆಂದರೆ ಮದ್ದು ಕಣ್ಣಿಗೂ ಹೋಗಿರುತ್ತದೆ. ಅನೇಕ ವರ್ಷ ಪುವಾ ತೆಗೆದುಕೊಂಡವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚುವುದು ಕಂಡುಬಂದ ಮೇಲೆ ಅದರ ಬಳಕೆ ತಗ್ಗಿದೆ. ಈಗ ತೊನ್ನಿಗೆ ಸಾಮಾನ್ಯವಾಗಿ ಸೋರಲೆನ್ ಬೇಡದ, ಸುಮಾರು 311 ನ್ಯಾನೋಮೀಟರಿನ ‘ಬಿ’ ಕಿರಣಗಳನ್ನು ಕೊಡುತ್ತಾರೆ. ಎಂದರೆ ಬೀಜ ಮತ್ತು ಬೆಳಕಿನ ಜೋಡಿಯಲ್ಲಿ ಆಸ್ಪತ್ರೆ ಉಳಿಸಿಕೊಂಡದ್ದು ಬೆಳಕನ್ನು.

ನಮ್ಮ ಮನೆಮದ್ದಿನ ಪಟ್ಟಿಗಳು ಉಳಿಸಿಕೊಂಡದ್ದು ಬರೀ ಬೀಜವನ್ನು. ‘ಬಾವಂಚಿ ಪುಡಿ ಅರ್ಧ ಚಮಚ, ಬೆಳಿಗ್ಗೆ ಬಿಸಿನೀರಿನಲ್ಲಿ’ ಎಂಬ ಸಲಹೆ ಮೊಬೈಲಿನಿಂದ ಮೊಬೈಲಿಗೆ ಸುತ್ತುತ್ತಿರುತ್ತದೆ. ರೋಗಿ ಆಮೇಲೆ ಬಿಸಿಲಿಗೆ ಹೋಗುತ್ತಾನೋ ಇಲ್ಲವೋ, ಹೋದರೆ ಎಷ್ಟು ಹೊತ್ತು ಎಂಬ ಮಾತೇ ಇರುವುದಿಲ್ಲ. ಪುಡಿಯಲ್ಲಿ ಸೋರಲೆನ್ ಎಷ್ಟಿದೆ ಎಂಬುದು ಕೊಟ್ಟವರಿಗೂ ತಿಳಿಯದು, ತಿಂದವರಿಗೂ ತಿಳಿಯದು. ಹೆಚ್ಚಾದರೆ ಹೊಟ್ಟೆ ತೊಳಸುವುದು, ವಾಂತಿ, ತಲೆನೋವು. ಬಿಸಿಲು ಹೆಚ್ಚಾದರೆ ಸುಟ್ಟ ಬೊಬ್ಬೆ, ಅದರ ಮೇಲೆ ಹೊಸ ಮಚ್ಚೆ, ಏಕೆಂದರೆ ತೊನ್ನಿರುವವರ ಚರ್ಮ ಗಾಯವಾದಲ್ಲೆಲ್ಲ ಬೆಳ್ಳಗಾಗುವ ಸ್ವಭಾವದ್ದು. ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಾವಂಚಿಯನ್ನು ಶೋಧಿಸಿ, ಅಂದರೆ ಶುದ್ಧಿ ಮಾಡಿ, ಬಳಸುವ ಪದ್ಧತಿ ಆಯುರ್ವೇದದಲ್ಲಿದೆ. ಗೋಮೂತ್ರದಲ್ಲೋ ಹಸಿಶುಂಠಿಯ ರಸದಲ್ಲೋ ಏಳು ದಿನ ನೆನೆಹಾಕಿ ಒಣಗಿಸುತ್ತಾರೆ. ಹಾಗೆ ಮಾಡಿದರೆ ವಿಷವೆಲ್ಲ ಹೋಯಿತು ಎಂದೇನೂ ಅಲ್ಲ, ಆದರೆ ಇದು ಅಡುಗೆಮನೆಯ ಜೀರಿಗೆಯಲ್ಲ ಎಂಬ ಎಚ್ಚರ ಅವರಿಗಿತ್ತು. ಬಸುರಿಯರು, ಮಕ್ಕಳು, ಯಕೃತ್ತಿನ ತೊಂದರೆಯಿರುವವರು ಇದರ ತಂಟೆಗೆ ಹೋಗದಿರುವುದು ಒಳ್ಳೆಯದು. ಉಳಿದವರಿಗೂ ಓದಿದ ವೈದ್ಯರ ಕಣ್ಗಾವಲು ಬೇಕು, ಅವರು ಯಾವ ಪದ್ಧತಿಯವರೇ ಆಗಿರಲಿ.

ಈಚೆಗೆ ಬಾವಂಚಿಗೆ ಎರಡನೆಯ ಜನ್ಮ ಬಂದಿದೆ, ಅದೂ ಮುಖದ ಕ್ರೀಮಿನ ಡಬ್ಬಿಯಲ್ಲಿ. 1966ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಗೋವರ್ಧನ ಮೆಹ್ತಾ, ನಾಯಕ್ ಮತ್ತು ಸುಖದೇವ್ ಈ ಬೀಜದಿಂದ ಬಾಕುಚಿಯೋಲ್ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. ಮೆಹ್ತಾ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಸೌಂದರ್ಯ ಉದ್ಯಮ ಅದನ್ನು ಕೈಗೆತ್ತಿಕೊಂಡದ್ದು ಸುಮಾರು ನಾಲ್ಕು ದಶಕಗಳ ನಂತರ. ಚರ್ಮದ ಸುಕ್ಕು, ಕಲೆಗಳಿಗೆ ಬಳಸುವ ರೆಟಿನಾಲ್ ಹಲವರಿಗೆ ಉರಿ ತರುತ್ತದೆ. ಬಾಕುಚಿಯೋಲ್ ಹೆಚ್ಚು ಉರಿಯಿಲ್ಲದೆ ಅಷ್ಟೇ ಕೆಲಸ ಮಾಡಿತು ಎಂದು 2018ರಲ್ಲಿ ಹೊರಬಂದ, 12 ವಾರಗಳ ಅಧ್ಯಯನವೊಂದು ಹೇಳಿತು. ಅದರಲ್ಲಿದ್ದವರು 44 ಮಂದಿ ಮಾತ್ರ. ಜಾಹೀರಾತುಗಳು ಈ ಸಂಖ್ಯೆಯನ್ನು ಹೇಳುವುದಿಲ್ಲ.

ಇಲ್ಲೊಂದು ಅಪಾಯದ ತಿರುವಿದೆ. ಶುದ್ಧ ಬಾಕುಚಿಯೋಲ್‌ನಲ್ಲಿ ಸೋರಲೆನ್ ಇರುವುದಿಲ್ಲ, ಇರಬಾರದು. ಬಾವಂಚಿ ಎಣ್ಣೆಯಲ್ಲಿ ಅದು ಧಾರಾಳವಾಗಿರಬಹುದು. ಕ್ರೀಮು ದುಬಾರಿಯೆಂದು ಅದೇ ಗಿಡದ ಎಣ್ಣೆಯ ಸೀಸೆ ತಂದು ಮುಖಕ್ಕೆ ಸವರಿಕೊಂಡು ಹನ್ನೆರಡು ಗಂಟೆಯ ಬಿಸಿಲಿಗೆ ಹೊರಟವರ ಮುಖದಲ್ಲಿ, ಒಂದೆರಡು ದಿನ ಕಳೆದ ಮೇಲೆ ಚರಕ ಹೇಳಿದ ಬೊಬ್ಬೆಗಳೇ ಏಳಬಹುದು. ಕೊಳ್ಳುವ ಮೊದಲು ಸೀಸೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಬಾಕುಚಿಯೋಲ್ ಎಂದಿದೆಯೋ ಅಥವಾ ಬಾಕುಚಿ ತೈಲ, ಸೋರೇಲಿಯಾ ಬೀಜದ ಎಣ್ಣೆ ಎಂದಿದೆಯೋ ನೋಡಿಕೊಳ್ಳಿ.