ಮಿಥುನ ರಾಶಿಯವರಿಗೆ ಆಸ್ಪಿರಿನ್ ಕೆಲಸ ಮಾಡಲ್ವಾ?

1988ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಐಸಿಸ್-2 ಅನ್ನುವ ಅಧ್ಯಯನದ ಫಲಿತಾಂಶ ಬಂತು. ಹೃದಯಾಘಾತ ಆಗಿರಬಹುದು ಎಂಬ ಅನುಮಾನದಿಂದ ಆಸ್ಪತ್ರೆ ಸೇರಿದ 17,187 ಜನ ಅದರಲ್ಲಿದ್ದರು. ಅಲ್ಲಿ ಪರೀಕ್ಷೆಗೆ ಒಳಗಾದ ಔಷಧಗಳಲ್ಲಿ ಆಸ್ಪಿರಿನ್ ಒಂದು. ಅರ್ಧ ಜನಕ್ಕೆ ಆಸ್ಪಿರಿನ್, ಉಳಿದವರಿಗೆ ನೋಡಲು ಅದೇ ಥರ ಇರುವ, ಔಷಧವೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅನ್ನೋದನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ಐದು ವಾರ ಕಳೆದ ಮೇಲೆ ಲೆಕ್ಕ ಹಾಕಿದರೆ, ಹೃದಯ ಮತ್ತು ರಕ್ತನಾಳದ ತೊಂದರೆಯಿಂದ ತೀರಿಕೊಂಡವರು ಸುಳ್ಳು ಮಾತ್ರೆಯ ಗುಂಪಿನಲ್ಲಿ 100ಕ್ಕೆ 11.8, ಆಸ್ಪಿರಿನ್ ಗುಂಪಿನಲ್ಲಿ 9.4.

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಪತ್ರಿಕೆಯ ಕಡೆಯಿಂದ ಇನ್ನೊಂದು ಬೇಡಿಕೆ ಬಂತು: ವಯಸ್ಸು ಹೆಚ್ಚಾದವರಿಗೆ ಎಷ್ಟು ಲಾಭ, ಹೆಂಗಸರಿಗೆ ಎಷ್ಟು, ಹೀಗೆ ಗುಂಪು ಗುಂಪಾಗಿ ಒಡೆದು ತೋರಿಸಿ ಅಂತ. ಸಂಶೋಧಕರು ಒಪ್ಪಿದರು, ಜೊತೆಗೆ ರೋಗಿಗಳ ರಾಶಿಯ (ಹುಟ್ಟಿದ ದಿನಾಂಕ ನೋಡಿ ಹೇಳುವ ಪಾಶ್ಚಾತ್ಯ ರಾಶಿ) ಪ್ರಕಾರವೂ ಒಂದು ಲೆಕ್ಕ ಸೇರಿಸಿದರು. ಮಿಥುನ ಮತ್ತು ತುಲಾ ರಾಶಿಯವರಲ್ಲಿ ಆಸ್ಪಿರಿನ್ ತೆಗೆದುಕೊಂಡವರ ಸಾವು 9% ಜಾಸ್ತಿ! ಬೇರೆ ಎಲ್ಲ ರಾಶಿಯವರಲ್ಲಿ 28% ಕಡಿಮೆ. ಸಂಶೋಧಕರೇನೂ ಜ್ಯೋತಿಷ್ಯ ನಂಬಿದವರಲ್ಲ. ಒಂದೇ ಮಾಹಿತಿಯನ್ನು ಸಾಕಷ್ಟು ಹೋಳು ಮಾಡಿದರೆ ಎಲ್ಲೋ ಒಂದು ಕಡೆ ಏನಾದರೂ ವಿಚಿತ್ರ ಸಿಕ್ಕೇ ಸಿಗುತ್ತದೆ ಅನ್ನೋದನ್ನು ಓದುಗರು ಕಣ್ಣಾರೆ ನೋಡಲಿ ಅಂತಲೇ ಹಾಗೆ ಮಾಡಿದ್ದು. ಸಂಶೋಧನೆಯ ಸುದ್ದಿ ಓದುವ ಪ್ರತಿಯೊಬ್ಬರಿಗೂ ಈ ಕಥೆ ಗೊತ್ತಿರಬೇಕು ಅಂತ ನನಗೆ ತುಂಬ ಅನಿಸುತ್ತದೆ.

ಹಾಗಾದರೆ 11.8 ಮತ್ತು 9.4ರ ವ್ಯತ್ಯಾಸ ಮಾತ್ರ ನಿಜ, ರಾಶಿಯ ವ್ಯತ್ಯಾಸ ಸುಮ್ನೆ ಆಕಸ್ಮಿಕ ಅಂತ ಹೇಗೆ ಹೇಳೋದು? ಇದಕ್ಕೆ ಒಂದು ನಾಣ್ಯ ಸಾಕು.

ನಾಣ್ಯವೊಂದರ ಮೇಲೆ ನಿಮಗೆ ಅನುಮಾನ ಬಂದಿದೆ ಅಂದುಕೊಳ್ಳಿ, ಹೆಡ್ ಕಡೆಗೇ ಜಾಸ್ತಿ ವಾಲುತ್ತದೆ ಅಂತ. ಮೊದಲು ಅದರ ಪರವಾಗಿ ಮಾತಾಡಬೇಕು: ‘ಇದರಲ್ಲಿ ಏನೂ ದೋಷ ಇಲ್ಲ’. ಇದನ್ನೇ ನಲ್ ಹೈಪಾಥಿಸಿಸ್, ಕನ್ನಡದಲ್ಲಿ ಶೂನ್ಯ ಊಹೆ ಅನ್ನುತ್ತಾರೆ. ಈಗ 10 ಸಲ ಚಿಮ್ಮಿಸಿ. 8 ಸಲ ಹೆಡ್ ಬಿತ್ತು. ದೋಷವೇ ಇಲ್ಲದ ನಾಣ್ಯದಲ್ಲಿ ಹೀಗಾಗೋದು ಎಷ್ಟು ಅಪರೂಪ? 10 ಸಲ ಚಿಮ್ಮಿದರೆ ಹೆಡ್-ಟೇಲ್‌ಗಳು ಬೀಳಬಹುದಾದ ಸಾಲುಗಳು ಒಟ್ಟು 1,024. ಅದರಲ್ಲಿ 8 ಹೆಡ್ ಇರುವವು 45, 9 ಇರುವವು 10, ಹತ್ತೂ ಹೆಡ್ ಆಗಿರೋದು 1. ಒಟ್ಟು 56, ಅಂದರೆ 5.5%. ಎಂಟಲ್ಲ, 9 ಹೆಡ್ ಬಿದ್ದಿದ್ದರೆ? ಆಗ 1,024ರಲ್ಲಿ 11, ಸುಮಾರು 1%.

ಈ 5.5%, 1% ಅನ್ನುವ ಸಂಖ್ಯೆಯೇ ಪಿ ವ್ಯಾಲ್ಯೂ. ‘ಏನೂ ಇಲ್ಲ ಅಂತ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸೋ ಸಾಧ್ಯತೆ ಎಷ್ಟು?’ ಅಷ್ಟೇ ಅದು ಹೇಳೋದು. 5%ಗಿಂತ ಕಡಿಮೆ ಬಂದರೆ ‘ಸ್ಟ್ಯಾಟಿಸ್ಟಿಕಲಿ ಸಿಗ್ನಿಫಿಕೆಂಟ್’, ಅಂದರೆ ಬರೀ ಆಕಸ್ಮಿಕ ಅಂತ ಸುಲಭವಾಗಿ ತಳ್ಳಿಹಾಕಲು ಆಗದ್ದು, ಅನ್ನೋದು ರೂಢಿ. ನಮ್ಮ ನಾಣ್ಯ 8 ಹೆಡ್‌ಗೆ ಪಾರಾಯಿತು, 9 ಬಿದ್ದಿದ್ದರೆ ಸಿಕ್ಕಿಬೀಳುತ್ತಿತ್ತು.

ಈ 5% ಪ್ರಕೃತಿ ಹಾಕಿದ ಗೆರೆಯಲ್ಲ. ರೊನಾಲ್ಡ್ ಫಿಶರ್ ಎಂಬ ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞ 1925ರ ತನ್ನ ಪುಸ್ತಕದಲ್ಲಿ 20ಕ್ಕೆ 1 ಅನ್ನೋದು ಅನುಕೂಲವಾದ ಗಡಿ ಅಂದ, ಅದು ನಿಂತುಹೋಯಿತು. 2012ರಲ್ಲಿ ಹಿಗ್ಸ್ ಕಣ ಸಿಕ್ಕಿತು ಅಂತ ಹೇಳುವ ಮುಂಚೆ ಭೌತವಿಜ್ಞಾನಿಗಳು ಪಾಲಿಸಿದ ಗಡಿ ಸುಮಾರು 35 ಲಕ್ಷಕ್ಕೆ 1.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ, ಓದಿದವರೂ ಎಡವುತ್ತಾರೆ. ಪಿ 5% ಅಂದರೆ ‘ಈ ಫಲಿತಾಂಶ ಸುಳ್ಳಾಗುವ ಸಾಧ್ಯತೆ 5% ಮಾತ್ರ, 95% ನಿಜ’ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಅಲ್ಲ, ಖಂಡಿತ ಅಲ್ಲ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ಆದರೆ ಅಂಗಳ ಒದ್ದೆ ಇದೆ ಅಂದ ಮಾತ್ರಕ್ಕೆ ಮಳೆ ಬಂದಿದೆ ಅಂತಲ್ಲ, ಅಲ್ವಾ? ಲೆಕ್ಕ ಹಾಕಿಯೇ ನೋಡೋಣ. ಪರೀಕ್ಷೆಗೆ 1,000 ಹೊಸ ಊಹೆಗಳಿವೆ, ಅದರಲ್ಲಿ 100 ಮಾತ್ರ ನಿಜ ಅಂತ ಇಟ್ಟುಕೊಳ್ಳಿ. ಒಳ್ಳೆಯ ಪರೀಕ್ಷೆ ಆ ನೂರರಲ್ಲಿ 80 ಹಿಡಿಯುತ್ತದೆ. ಉಳಿದ 900 ಸುಳ್ಳು ಊಹೆಗಳಲ್ಲಿ 5%, ಅಂದರೆ 45, ಆಕಸ್ಮಿಕವಾಗಿ ಪಾಸಾಗುತ್ತವೆ. ಒಟ್ಟು ಪಾಸಾದದ್ದು 125, ಅದರಲ್ಲಿ 45 ಸುಳ್ಳು. ಮೂರರಲ್ಲಿ ಒಂದಕ್ಕಿಂತ ಜಾಸ್ತಿ! ಇದರಲ್ಲಿ ಯಾರೂ ಮೋಸ ಮಾಡಿಲ್ಲ.

ಒಬ್ಬರೇ ಹಲವು ಪರೀಕ್ಷೆ ಮಾಡಿ, ಪಾಸಾದದ್ದನ್ನು ಮಾತ್ರ ಪ್ರಕಟಿಸಿದರೆ ಇನ್ನೂ ಕಷ್ಟ. ಏನೂ ಇಲ್ಲದ ಕಡೆ 20 ಪರೀಕ್ಷೆ ಮಾಡಿದರೆ ಒಂದಾದರೂ ಗಡಿ ದಾಟುವ ಸಾಧ್ಯತೆ 64%. ರಾಶಿ ಲೆಕ್ಕದ ಹಿಂದಿನ ಗುಟ್ಟೂ ಹೆಚ್ಚುಕಡಿಮೆ ಇದೇ: ಹನ್ನೆರಡು ಹೋಳು ಮಾಡಿದಾಗ ಒಂದೆರಡು ಉಲ್ಟಾ ಹೊಡೆಯೋದು ಸಹಜ, ಮತ್ತು ಆ ಒಂದೆರಡನ್ನು ನಾವು ನೋಡಿದ ಮೇಲೆ ಆರಿಸಿಕೊಂಡೆವು. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮೊದಲಿಂದ ಮಾಡಿ ನೋಡಿದ ವರದಿ ಬಂತು. ಮೂಲದಲ್ಲಿ 97% ಸಿಗ್ನಿಫಿಕೆಂಟ್ ಆಗಿದ್ದವು, ಎರಡನೇ ಸಲ ಬರೀ 36%.

ಉಲ್ಟಾ ತಪ್ಪೂ ಇದೆ, ಅದು ನನಗೆ ಇನ್ನೂ ಜಾಸ್ತಿ ಬೇಜಾರು ತರಿಸುತ್ತದೆ. ಅದೇ ಆಸ್ಪಿರಿನ್ ಅನ್ನು ಬರೀ 200 ಜನರ ಮೇಲೆ ಪರೀಕ್ಷಿಸಿದ್ದರೆ? ಒಂದು ಕಡೆ 100ರಲ್ಲಿ 12 ಸಾವು, ಇನ್ನೊಂದು ಕಡೆ 9. ಇಷ್ಟು ಚಿಕ್ಕ ಗುಂಪಿನಲ್ಲಿ ಮೂರು ಜನರ ವ್ಯತ್ಯಾಸ ಏನೂ ಹೇಳೋದಿಲ್ಲ, ಪಿ ಗಡಿಯ ಹತ್ತಿರಕ್ಕೂ ಬರೋದಿಲ್ಲ. ಮರುದಿನ ‘ಆಸ್ಪಿರಿನ್‌ನಿಂದ ಪ್ರಯೋಜನ ಇಲ್ಲ’ ಅಂತ ಸುದ್ದಿ ಆಗುತ್ತಿತ್ತು. ಔಷಧ ಅದೇ, ಲಾಭವೂ ಹೆಚ್ಚುಕಡಿಮೆ ಅಷ್ಟೇ, ಕಡಿಮೆಯಾದದ್ದು ಜನರ ಸಂಖ್ಯೆ ಮಾತ್ರ. 17,187 ಜನರಲ್ಲಿ ನೋಡಿದ್ದಕ್ಕೆ ಪಿ ಲಕ್ಷಕ್ಕೆ 1ಕ್ಕಿಂತ ಕೆಳಗೆ ಹೋಯಿತು. ಪುರಾವೆ ಸಿಗಲಿಲ್ಲ ಅನ್ನೋದು ಬೇರೆ, ಪರಿಣಾಮ ಇಲ್ಲ ಅನ್ನೋದು ಬೇರೆ.

ಅದಕ್ಕೇ ಪಿ ನೋಡಿ ನಿಲ್ಲಬಾರದು, ವ್ಯತ್ಯಾಸ ಎಷ್ಟು ದೊಡ್ಡದು ಅಂತ ಕೇಳಬೇಕು. ಲಕ್ಷಾಂತರ ಜನರನ್ನು ಸೇರಿಸಿದರೆ ರಕ್ತದೊತ್ತಡದಲ್ಲಿ ಯಾರಿಗೂ ಉಪಯೋಗಕ್ಕೆ ಬಾರದಷ್ಟು ಚಿಕ್ಕ ಇಳಿಕೆಯೂ ‘ಸಿಗ್ನಿಫಿಕೆಂಟ್’ ಆಗಬಹುದು. ಆಸ್ಪಿರಿನ್ ವಿಷಯದಲ್ಲಿ ಸಾವಿನ ‘ಆಡ್ಸ್’, ಅಂದರೆ ಬದುಕುಳಿದವರಿಗೆ ಹೋಲಿಸಿದರೆ ತೀರಿಕೊಂಡವರ ಅನುಪಾತ, ಇಳಿದದ್ದು 23%. ನಿಜವಾದ ಇಳಿಕೆ ಸುಮಾರು 15ರಿಂದ 30%ರ ಒಳಗೆ ಇರಬಹುದು ಅಂತ ಅಂದಾಜು. ಹೀಗೆ ‘ಇಲ್ಲಿಂದ ಇಲ್ಲಿವರೆಗೆ’ ಅಂತ ಹೇಳುವ ಅಂದಾಜು ಒಂಟಿ ಪಿ ವ್ಯಾಲ್ಯೂಗಿಂತ ಎಷ್ಟೋ ಹೆಚ್ಚು ತಿಳಿಸುತ್ತದೆ.

ಇನ್ನೊಂದು ಒಳ್ಳೆಯ ಬದಲಾವಣೆ ಆಗಿದೆ. ಏನನ್ನು ಅಳೆಯುತ್ತೇವೆ ಅನ್ನೋದನ್ನು ಅಧ್ಯಯನ ಶುರು ಮಾಡುವ ಮೊದಲೇ ಎಲ್ಲರಿಗೂ ಕಾಣುವಂತೆ ನೋಂದಾಯಿಸದಿದ್ದರೆ ಔಷಧ ಪರೀಕ್ಷೆಯ ವರದಿ ಪ್ರಕಟಿಸುವುದಿಲ್ಲ ಅಂತ ದೊಡ್ಡ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2005ರಿಂದ ನಿಯಮ ತಂದರು. ಈಗ ‘ಹೊಸ ಔಷಧದಿಂದ ಅದ್ಭುತ ಫಲ’ ಅನ್ನುವ ಸುದ್ದಿ ಬಂದಾಗ ನಾನು ಮೊದಲು ಹುಡುಕೋದು ಆ ನೋಂದಣಿಯನ್ನು. ‘ಸಾವು ಕಡಿಮೆಯಾಗುತ್ತದಾ ನೋಡುತ್ತೇವೆ’ ಅಂತ ಅಲ್ಲಿ ಬರೆದು, ವರದಿಯಲ್ಲಿ ‘60 ದಾಟಿದ ಹೆಂಗಸರ ನಿದ್ದೆ ಸುಧಾರಿಸಿತು’ ಅಂತ ಇದ್ದರೆ, ನನಗೆ ಮಿಥುನ ರಾಶಿ ನೆನಪಾಗುತ್ತದೆ.