ದೋನಾ ಅಮೇಲಿಯಾ: ಹೆಸರು ಮಸಾಲೆಗೆ, ಕೆಲಸ ಮೊಟ್ಟೆಗೆ

ಲಿಸ್ಬನ್‌ನಿಂದ ಸುಮಾರು 1,500 ಕಿಲೋಮೀಟರ್ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ನಡುವೆ, ಪೋರ್ಚುಗಲ್‌ಗೆ ಸೇರಿದ ಅಝೋರ್ಸ್ ದ್ವೀಪಗಳಿವೆ. ಅವುಗಳಲ್ಲಿ ತೆರ್ಸೇರಾ ಅನ್ನೋ ದ್ವೀಪದ ಬೇಕರಿಗಳಲ್ಲಿ ಅಂಗೈಯಲ್ಲಿ ಕೂರುವಷ್ಟು ಪುಟ್ಟ, ಕಡು ಕಂದು ಬಣ್ಣದ ಒಂದು ಕೇಕ್ ಸಿಗುತ್ತದೆ. ಮೇಲೆ ಸಕ್ಕರೆ ಪುಡಿ, ಒಳಗೆ ಚಕ್ಕೆ ಮತ್ತು ಜಾಯಿಕಾಯಿಯ ಘಮ. 1901ರಲ್ಲಿ ರಾಜ ಕಾರ್ಲೋಸ್ ಜೊತೆ ರಾಣಿ ಅಮೇಲಿಯಾ ಈ ದ್ವೀಪಕ್ಕೆ ಬಂದಿದ್ದಳು. ಊರಲ್ಲಿ ಮೊದಲೇ ಇದ್ದ ಮಸಾಲೆ ಕೇಕಿಗೆ ಆಗ ಅವಳ ಹೆಸರಿಟ್ಟರಂತೆ. ಹೀಗೆ ದೋನಾ ಅಮೇಲಿಯಾ ಆಯ್ತು.

ನಡುಗಡಲಿನ ದ್ವೀಪಕ್ಕೆ ಚಕ್ಕೆ ಬಂದಿದ್ದೆಲ್ಲಿಂದ? ನಮ್ಮ ಕಡೆಯಿಂದಲೇ ಹೋದ ಹಡಗುಗಳಿಂದ. ಭಾರತದಿಂದ ಲಿಸ್ಬನ್‌ಗೆ ವಾಪಸಾಗುವ ಪೋರ್ಚುಗೀಸ್ ಹಡಗುಗಳು ನೀರು, ಆಹಾರ ತುಂಬಿಸಿಕೊಳ್ಳಲು ತೆರ್ಸೇರಾದ ಆಂಗ್ರಾ ಬಂದರಿನಲ್ಲಿ ನಿಲ್ಲುತ್ತಿದ್ದವು. ಶ್ರೀಲಂಕಾದ ಚಕ್ಕೆ, ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಜಾಯಿಕಾಯಿ ಎಲ್ಲವೂ ಈ ದಾರಿಯಲ್ಲೇ ಸಾಗುತ್ತಿತ್ತು. ವಾಸ್ಕೋ ಡ ಗಾಮಾ ತನ್ನ ಮೊದಲ ಯಾನದಲ್ಲಿ ಊರಿಗೆ ಹೊರಟಾಗ, 1498ರಲ್ಲಿ, ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ರಿಪೇರಿ ಮಾಡಿಕೊಂಡ. ಜೊತೆಗಿದ್ದ ಅಣ್ಣ ಪಾವ್ಲೋ ಕಾಯಿಲೆ ಬಿದ್ದು, ಲಿಸ್ಬನ್ ಮುಟ್ಟುವ ಮೊದಲೇ 1499ರಲ್ಲಿ ಇದೇ ತೆರ್ಸೇರಾದಲ್ಲಿ ತೀರಿಕೊಂಡ. ಅವನನ್ನು ಆಂಗ್ರಾದಲ್ಲೇ ಮಣ್ಣು ಮಾಡಿದರು.

ಹಾಗಾಗಿ ಈ ಕೇಕಿನ ಬಗ್ಗೆ ಮಾತಾಡುವವರೆಲ್ಲ ಮಸಾಲೆಯನ್ನೇ ಹೊಗಳುತ್ತಾರೆ. ನನಗೆ ಕುತೂಹಲ ಇರೋದು ಬೇರೆ ಕಡೆ. ಹಳೇ ಕ್ರಮದಲ್ಲಿ ಇದಕ್ಕೆ ಹಾಕುವುದು ಗೋಧಿ ಹಿಟ್ಟಲ್ಲ, ಮೆಕ್ಕೆಜೋಳದ ಹಿಟ್ಟು. ಮತ್ತೆ ಕೇಕ್ ಪುಡಿಪುಡಿ ಆಗಲ್ವಾ?

ಗೋಧಿ ಹಿಟ್ಟಿಗೆ ನೀರು ಸೇರಿದರೆ ಅದರ ಪ್ರೊಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲೂಟೆನ್ ಅನ್ನೋ ಎಳೆಯುವ ಜಾಲ ಆಗುತ್ತದೆ. ಮೆಕ್ಕೆಜೋಳದ ಮುಖ್ಯ ಪ್ರೊಟೀನ್ ಝೀನ್. ಅದು ನೀರಿನಲ್ಲಿ ಕರಗಲ್ಲ, ಅಂಥ ಜಾಲವನ್ನೂ ಕಟ್ಟಲ್ಲ. ಜೋಳದ ರೊಟ್ಟಿ ತಟ್ಟುವವರಿಗೆ ಈ ಕಷ್ಟ ಗೊತ್ತು, ಅದಕ್ಕೇ ಅವರು ಹಿಟ್ಟಿಗೆ ಕುದಿಯುವ ನೀರು ಹಾಕಿ ಪಿಷ್ಟವನ್ನು ಅಂಟು ಬರಿಸುತ್ತಾರೆ. ದೋನಾ ಅಮೇಲಿಯಾದಲ್ಲಿ ಆ ಕೆಲಸ ಮೊಟ್ಟೆಯದು. ಒಲೆಯ ಬಿಸಿಗೆ ಮೊಟ್ಟೆಯ ಪ್ರೊಟೀನುಗಳು ಸುರುಳಿ ಬಿಚ್ಚಿ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ, ಹಿಟ್ಟಿನ ಕಣಗಳು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಹಳದಿ ಭಾಗ ಜಾಸ್ತಿ ಹಾಕುವುದಕ್ಕೂ ಕಾರಣ ಇದೆ. ಅದರಲ್ಲಿರುವ ಲೆಸಿಥಿನ್ ಅನ್ನೋ ಪದಾರ್ಥ ಬೆಣ್ಣೆಯ ಕೊಬ್ಬನ್ನೂ ನೀರನ್ನೂ ಬೇರೆ ಬೇರೆ ಆಗದಂತೆ ಹಿಡಿದಿಡುತ್ತದೆ.

ಮಾಡೋದು ಹೀಗೆ. ಮನೆಯಿಂದ ಮನೆಗೆ ಅಳತೆ ಬದಲಾಗುತ್ತದೆ, ಇದು ಒಂದು ಅಂದಾಜು. 4 ಹಳದಿ, 2 ಇಡೀ ಮೊಟ್ಟೆ, 250 ಗ್ರಾಂ ಸಕ್ಕರೆ ಸೇರಿಸಿ ಬಿಳಿಚಿಕೊಂಡು ದಪ್ಪಗಾಗುವವರೆಗೆ ಚೆನ್ನಾಗಿ ಗೊಟಾಯಿಸಿ. ಬೇಕಿಂಗ್ ಪೌಡರ್ ಹಾಕದೆ ಮಾಡುವುದರಿಂದ ಕೇಕ್ ಉಬ್ಬಬೇಕಾದರೆ ಈ ನೊರೆಯ ಗಾಳಿಯೇ ಗತಿ, ಇಲ್ಲಿ ಸೋಮಾರಿತನ ಮಾಡಬೇಡಿ. ಆಮೇಲೆ ಕರಗಿಸಿ, ಒಂದೂವರೆ ಚಮಚ ಚಕ್ಕೆ ಪುಡಿ ಮತ್ತು ಆಗಷ್ಟೇ ತುರಿದ ಜಾಯಿಕಾಯಿ ಅರ್ಧ ಚಮಚ ಬೆರೆಸಿ ಆರಿಸಿದ 100 ಗ್ರಾಂ ಬೆಣ್ಣೆ, 2 ದೊಡ್ಡ ಚಮಚ ಕಬ್ಬಿನ ಪಾಕ. ಅಲ್ಲಿಯವರು ಬಳಸೋದು ಕಬ್ಬಿನ ಹಾಲನ್ನು ಕುದಿಸಿ ಇಳಿಸಿದ ಕಪ್ಪು ಪಾಕ, ನಮ್ಮಲ್ಲಾದರೆ ಶಿರಸಿ ಕಡೆಯ ಜೋನಿ ಬೆಲ್ಲ ಅದಕ್ಕೆ ತೀರಾ ಹತ್ತಿರ. ಕೊನೆಗೆ 120 ಗ್ರಾಂ ನುಣ್ಣನೆ ಮೆಕ್ಕೆಜೋಳದ ಹಿಟ್ಟು, ಒಂದು ಹಿಡಿ ಒಣದ್ರಾಕ್ಷಿ, ಸಕ್ಕರೆ ಪಾಕದಲ್ಲಿ ಬೇಯಿಸಿದ ಮಾದಳ ಹಣ್ಣಿನ ಸಿಪ್ಪೆ ಸ್ವಲ್ಪ. ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಅಂತ ಸಿಗುವ ಬಿಳಿ ಪುಡಿ ಬೇಡ, ಅದು ಬರೀ ಪಿಷ್ಟ. ಹಳದಿ ಹಿಟ್ಟೇ ಬೇಕು.

ಮಸಾಲೆಯನ್ನು ಬೆಣ್ಣೆ ಇನ್ನೂ ಬೆಚ್ಚಗಿರುವಾಗಲೇ ಅದಕ್ಕೆ ಹಾಕಿಬಿಡಿ. ಚಕ್ಕೆಯ ಪರಿಮಳ ಕೊಡುವ ಸಿನ್ನಮಾಲ್ಡಿಹೈಡ್, ಜಾಯಿಕಾಯಿಯ ಎಣ್ಣೆಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಜೊತೆಗೆ ಅವು ಬೇಗ ಹಾರಿಹೋಗುವಂಥವು, ಕೊಬ್ಬಿನಲ್ಲಿ ಸೇರಿಕೊಂಡರೆ ಅಷ್ಟು ಸುಲಭಕ್ಕೆ ಹೋಗಲ್ಲ.

ಬೆಣ್ಣೆ ಸವರಿದ ಚಿಕ್ಕ ಅಚ್ಚುಗಳಿಗೆ ಮುಕ್ಕಾಲು ಭಾಗ ತುಂಬಿಸಿ, 170–180 ಡಿಗ್ರಿಯಲ್ಲಿ ಸುಮಾರು 20 ನಿಮಿಷ. ಬೆಂಕಿ ಇದಕ್ಕಿಂತ ಜಾಸ್ತಿ ಬೇಡ. ಇಷ್ಟೊಂದು ಸಕ್ಕರೆ ಇದ್ದಾಗ ಮೊಟ್ಟೆ ಗಟ್ಟಿಯಾಗುವುದೂ ತಡ, ಪಿಷ್ಟ ಬೇಯುವುದೂ ತಡ, ಆದರೆ ಮೇಲ್ಮೈ ಮಾತ್ರ ಬೇಗ ಕಪ್ಪಾಗುತ್ತದೆ. ಕಬ್ಬಿನ ಪಾಕದಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಮೊಟ್ಟೆಯ ಪ್ರೊಟೀನಿನ ಜೊತೆ ಸೇರಿ ಕಂದು ಬಣ್ಣ ಹುಟ್ಟಿಸುತ್ತವೆ, ಇದಕ್ಕೆ ಮಯಾರ್ಡ್ ಕ್ರಿಯೆ ಅಂತಾರೆ. ನಡುಭಾಗ ಸ್ವಲ್ಪ ಮೆತ್ತಗಿರುವಾಗಲೇ ತೆಗೆದರೆ ಸರಿ.

ತಿನ್ನೋಕೆ ಮಾತ್ರ ಆತುರ ಬೇಡ. ಬಿಸಿಯಲ್ಲಿ ಮೆಕ್ಕೆಜೋಳ ಸ್ವಲ್ಪ ಮರಳು ಮರಳಾಗಿ ನಾಲಿಗೆಗೆ ಸಿಗುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟು ಮಾರನೇ ದಿನ ತೆಗೆಯಿರಿ. ಅಷ್ಟರಲ್ಲಿ ತೇವ ಹಿಟ್ಟಿನ ಕಣಗಳ ಒಳಗೂ ಹರಡಿಕೊಂಡಿರುತ್ತದೆ. ನೀರನ್ನು ಬಿಡದೆ ಹಿಡಿದಿಡುವ ಕಬ್ಬಿನ ಪಾಕದಿಂದಾಗಿ ಕೇಕ್ ಒಣಗಿಯೂ ಇರಲ್ಲ. ಸಕ್ಕರೆ ಪುಡಿಯನ್ನು ತಿನ್ನುವ ಹೊತ್ತಿಗೇ ಉದುರಿಸಿ, ಮೊದಲೇ ಹಾಕಿಟ್ಟರೆ ಅದು ಕೇಕಿನ ತೇವ ಹೀರಿ ಕರಗಿಹೋಗುತ್ತದೆ.