ಲೈಟ್ ಹತ್ತೈತಿ, ಸೌಂಡ್ ಬರವಲ್ದು

"ಮಾಮಾ, ಲೈಟ್ ಹತ್ತೈತಿ, ಸೌಂಡ್ ಬರವಲ್ದು."

ರಾಯಚೂರಿನ ಮೇ ತಿಂಗಳ ಒಂದು ರಾತ್ರಿ ಅಕ್ಕನ ಮಗ ಹೀಗಂತ ಬಂದು ನಿಂತ. ಒಂದು ಕೈಯಲ್ಲಿ ತಾನೇ ಮಾಡಿದ ಗಿಟಾರ್ ಪೆಡಲ್, ಅಂದರೆ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂತು ಸದ್ದು ಬದಲಾಯಿಸುವ ಪುಟ್ಟ ಸರ್ಕ್ಯೂಟ್. ಇನ್ನೊಂದರಲ್ಲಿ ಕಾದ ಸೋಲ್ಡರಿಂಗ್ ಐರನ್. ಎಲ್ಲ ಜಾಯಿಂಟ್‌ಗಳನ್ನೂ ಇನ್ನೊಮ್ಮೆ ಕಾಯಿಸಿ ನೋಡುವ ಅಂದಾಜಿನಲ್ಲಿದ್ದ. ಮೊದಲು ಆ ಐರನ್ ಸ್ಟ್ಯಾಂಡಿಗೆ ಹಾಕಿಸಿದೆ. ಸುಮ್ನೆ ಕಾಯಿಸುತ್ತಾ ಹೋದರೆ ಬೋರ್ಡಿನ ತಾಮ್ರದ ಪಟ್ಟಿ ಏಳುತ್ತದೆ, ಸೀಸ ಹರಡಿ ಪಕ್ಕದ ಕಾಲಿಗೆ ಶಾರ್ಟ್ ಆಗುತ್ತದೆ. ಒಂದಿದ್ದ ತೊಂದರೆ ಮೂರಾಗುತ್ತದೆ.

ಇಡೀ ಪೆಡಲ್ ಒಟ್ಟಿಗೆ ಕೆಡುವುದು ಬಹಳ ಅಪರೂಪ. ಕೆಟ್ಟಿರುವುದು ಎಲ್ಲೋ ಒಂದು ಕಡೆ. ನಮ್ಮ ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆಗೆ ನೀರು ಬರದಿದ್ದರೆ ಅವರು ಕಾಲುವೆ ಗುಂಟ ನಡೆದು ನೀರು ಎಲ್ಲಿವರೆಗೆ ಬಂದಿದೆ ಅಂತ ನೋಡುತ್ತಾರೆ. ಪೆಡಲ್‌ನಲ್ಲಿ ಮಾಡಬೇಕಾದ್ದೂ ಅದೇ. ಗಿಟಾರಿನ ಸದ್ದು ಒಂದು ಜಾಕ್‌ನಿಂದ ಒಳಗೆ ಬಂದು ಇನ್ನೊಂದು ಜಾಕ್‌ನಿಂದ ಹೊರಗೆ ಹೋಗಬೇಕು. ದಾರಿಯಲ್ಲಿ ಎಲ್ಲಿ ನಿಂತಿತು?

ಅವನು ಮಾಡಿದ್ದು ಬೂಸ್ಟರ್, ಅಂದರೆ ಗಿಟಾರಿನ ಸದ್ದನ್ನು ಜಾಸ್ತಿ ಮಾಡುವ ಪೆಡಲ್. ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿ 1960ರ ದಶಕದ ಕೊನೆಯಲ್ಲಿ ತಂದ ಎಲ್‌ಪಿಬಿ-1 ಎಂಬ ಪುಟ್ಟ ಸರ್ಕ್ಯೂಟಿನ ಧಾಟಿಯದು. ಒಂದು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ವಾಲ್ಯೂಮ್. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸರ್ಕ್ಯೂಟ್ ನನಗೆ ಗೊತ್ತಿಲ್ಲ. ಕೆಟ್ಟರೂ ಹುಡುಕಲು ಹತ್ತು ಜಾಗ ಅಷ್ಟೇ.

ಲೈಟ್ ಹತ್ತಿದೆ ಅಂದರೆ ಬ್ಯಾಟರಿ ಎಲ್‌ಇಡಿವರೆಗೆ ಬಂದಿದೆ. ಅದರಾಚೆಗೆ ಅದು ಏನನ್ನೂ ಹೇಳುವುದಿಲ್ಲ. ಹಾಗಾಗಿ ಒಂದು ಪ್ರೋಬ್ ಮಾಡಿಕೊಂಡೆವು. ಹಳೆ ಗಿಟಾರ್ ಕೇಬಲಿನ ಒಂದು ತುದಿ ಕತ್ತರಿಸಿ, ಒಳಗಿನ ತಂತಿಗೆ 104 ಅಂತ ಬರೆದಿರುವ ಕೆಪಾಸಿಟರ್ ಬೆಸೆದೆವು. 104 ಅಂದರೆ 10ರ ಮುಂದೆ ನಾಲ್ಕು ಸೊನ್ನೆ, 1,00,000 ಪಿಕೋಫ್ಯಾರಡ್. ಅದೇ 0.1 ಮೈಕ್ರೋಫ್ಯಾರಡ್. ಕೇಬಲಿನ ಹೊರಗಿನ ಜಾಲರಿ ತಂತಿ ಪೆಡಲ್‌ನ ಗ್ರೌಂಡಿಗೆ (ಬ್ಯಾಟರಿಯ ಮೈನಸ್ ಕಡೆಗೆ), ಇನ್ನೊಂದು ತುದಿ ಆಂಪ್ಲಿಫೈಯರಿಗೆ. ಕೆಪಾಸಿಟರ್ ಬ್ಯಾಟರಿಯ ನೇರ ವೋಲ್ಟೇಜನ್ನು ತಡೆದು, ಅಲುಗಾಡುವ ಸಂಗೀತವನ್ನು ಮಾತ್ರ ಬಿಡುತ್ತದೆ. ಈಗ ಅದರ ಕಾಲು ಮುಟ್ಟಿಸಿದ ಜಾಗದ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ಇದು 9 ವೋಲ್ಟಿನ ಪೆಡಲ್‌ಗೆ ಮಾತ್ರ. ಕರೆಂಟಿಗೆ ಹಾಕಿದ ಆಂಪ್ಲಿಫೈಯರಿನ ಒಳಗೆ ಇದನ್ನು ಎಂದೂ ಇಡಬೇಡಿ, ಜೀವಕ್ಕೇ ಅಪಾಯ.

ವಾಲ್ಯೂಮ್ ಕಡಿಮೆ ಇಟ್ಟು, ಅವನಿಗೆ ತಂತಿ ಮೀಟುತ್ತಿರು ಅಂದೆ. ಇನ್‌ಪುಟ್ ಜಾಕ್‌ನಲ್ಲಿ ಸದ್ದು ಚೆನ್ನಾಗಿತ್ತು. ಮೊದಲ ಕೆಪಾಸಿಟರ್ ದಾಟಿ ಟ್ರಾನ್ಸಿಸ್ಟರಿನ ಬೇಸ್, ಅಂದರೆ ಸದ್ದು ಒಳಹೋಗುವ ಕಾಲು, ಮುಟ್ಟಿದೆ. ದೂರದ ಓಣಿಯಲ್ಲಿ ಯಾರೋ ನುಡಿಸಿದಷ್ಟು ಸಣ್ಣಗೆ ಕೇಳಿತು. ಸದ್ದು ದೊಡ್ಡದಾಗಿ ಹೊರಬರುವ ಕಾಲು, ಕಲೆಕ್ಟರ್ ಮುಟ್ಟಿದೆ, ಏನೂ ಇಲ್ಲ. ಎರಡು ನಿಮಿಷದಲ್ಲಿ ಜಾಗ ಸಿಕ್ಕಿತು.

ಈಗ ವೋಲ್ಟೇಜ್ ಅಳೆಯುವ ಮೀಟರ್. ಈ ಸರ್ಕ್ಯೂಟಿನಲ್ಲಿ ಬೇಸ್‌ನಲ್ಲಿ ಮುಕ್ಕಾಲು ವೋಲ್ಟ್, ಕಲೆಕ್ಟರಿನಲ್ಲಿ ನಾಲ್ಕೈದು ವೋಲ್ಟ್ ಇರಬೇಕು. ಸಿಲಿಕಾನ್ ಟ್ರಾನ್ಸಿಸ್ಟರ್ ಎಚ್ಚರವಾಗಲು ಬೇಸ್ ಅದರ ಮೂರನೇ ಕಾಲಾದ ಎಮಿಟರಿಗಿಂತ ಸುಮಾರು 0.6 ವೋಲ್ಟ್ ಮೇಲಿರಬೇಕು. ನಮ್ಮ ಮೀಟರ್ ತೋರಿಸಿದ್ದು ಬೇಸ್ 0.01, ಎಮಿಟರ್ 0, ಕಲೆಕ್ಟರ್ 9.1. ಟ್ರಾನ್ಸಿಸ್ಟರ್ ಗಾಢ ನಿದ್ದೆಯಲ್ಲಿತ್ತು. ಬೇಸಿಗೆ ವೋಲ್ಟೇಜ್ ಕೊಡುವುದು ಎರಡು ರೆಸಿಸ್ಟರ್: ಮೇಲೆ 470 ಕಿಲೋ ಓಮ್, ಕೆಳಗೆ 47 ಕಿಲೋ. ಕೆಳಗಿನದರ ಒಂದು ಕಾಲು ಬಿಡಿಸಿ ಅಳೆದೆವು. 468 ಓಮ್!

ಹಳದಿ, ನೇರಳೆ, ಕಿತ್ತಳೆ ಅಂದರೆ 47 ಕಿಲೋ. ಹಳದಿ, ನೇರಳೆ, ಕಂದು ಅಂದರೆ 470 ಓಮ್. ಹಳದಿ ಬಲ್ಬಿನ ಕೆಳಗೆ ಕಿತ್ತಳೆ ಯಾವುದು ಕಂದು ಯಾವುದು ಅಂತ ಕಣ್ಣಿಗೆ ತಿಳಿಯುವುದೇ ಇಲ್ಲ. ನೂರು ಪಟ್ಟು ಚಿಕ್ಕ ರೆಸಿಸ್ಟರ್ ಗಿಟಾರಿನ ಸದ್ದನ್ನೂ ಬೇಸಿನ ವೋಲ್ಟೇಜನ್ನೂ ಸೀದಾ ಗ್ರೌಂಡಿಗೆ ಹರಿಸುತ್ತಿತ್ತು. ಬೆಸೆಯುವ ಮುಂಚೆ ಪ್ರತಿಯೊಂದನ್ನೂ ಮೀಟರಿನಲ್ಲಿ ಅಳೆಯಿರಿ, ಬಣ್ಣ ನಂಬಬೇಡಿ.

ಇದೇ ಜಾಗದಲ್ಲಿ ಬೇರೆ ತಪ್ಪುಗಳೂ ಆಗುತ್ತವೆ. ಚಪ್ಪಟೆ ಮುಖ ನಮ್ಮ ಕಡೆ ಇಟ್ಟು ಕಾಲು ಕೆಳಗೆ ಮಾಡಿದರೆ, ಬಿಸಿ547 ಎಂಬ ಟ್ರಾನ್ಸಿಸ್ಟರಿನಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904 ಎಂಬ ಇನ್ನೊಂದರಲ್ಲಿ ಸರಿಯಾಗಿ ಉಲ್ಟಾ. ರಾಯಚೂರಿನ ತೀನ್ ಕಂದೀಲ್ ಕಡೆಯ ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ತಗೊಳ್ಳಿ, ಕೆಲಸ ನಡೆಯುತ್ತದೆ. ತಿರುಗಿಸಿ ಹಾಕಬೇಕು ಅಷ್ಟೇ. ಇನ್ನು ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆಯ ಅನುಮಾನ ಇದ್ದರೆ ಬಿದಿರು ಕಡ್ಡಿಯಿಂದ ಒಂದೊಂದೇ ಜಾಯಿಂಟ್ ಮೆಲ್ಲಗೆ ಒತ್ತಿ. ಚರಚರ ಅಂದದ್ದೇ ಕಳ್ಳ.

ರೆಸಿಸ್ಟರ್ ಬದಲಾಯಿಸಿದ ಮೇಲೆ ಕಲೆಕ್ಟರ್ 4.8 ತೋರಿಸಿತು. ಸೌಂಡ್ ಬಂತು. ಬ್ಯಾಟರಿ ಉಳಿಸೋಣ ಅಂತ ಅಡಾಪ್ಟರ್ ಹಾಕಿದ. ಗುಂಯ್!

ಈ ಗುಂಯ್‌ಗೂ ಒಂದು ಊರಿದೆ. ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರ, ಕೃಷ್ಣಾ ದಡದ ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಟರ್ಬೈನುಗಳು ನಿಮಿಷಕ್ಕೆ 3,000 ಸುತ್ತು ಸುತ್ತುತ್ತವೆ. ಅಂದರೆ ಸೆಕೆಂಡಿಗೆ 50. ಮನೆಯ ಕರೆಂಟೂ ಅದೇ 50 ಹರ್ಟ್ಜ್. ಅಡಾಪ್ಟರ್ ಅದರ ಕೆಳಗಿನ ಅರ್ಧ ಅಲೆಯನ್ನೂ ಮೇಲಕ್ಕೆ ಮಡಚುವುದರಿಂದ ಉಬ್ಬುಗಳು 100 ಆಗುತ್ತವೆ. ಹಳೆ ಅಡಾಪ್ಟರುಗಳಲ್ಲಿ ಅವು ಪೂರ್ತಿ ಸಮವಾಗದೆ ಸರ್ಕ್ಯೂಟಿಗೆ ಬರುತ್ತವೆ. ಗಿಟಾರಿನ ದಪ್ಪ ತಂತಿಯ ಮೂರನೇ ಮನೆ (ಫ್ರೆಟ್) ಒತ್ತಿದರೆ 98 ಹರ್ಟ್ಜ್. ಗುಂಯ್ ಅದರ ಪಕ್ಕದಲ್ಲೇ ಇದ್ದರೆ ತಪ್ಪು ಅಡಾಪ್ಟರಿನದು. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ ಸುತ್ತಲಿನ ವೈರಿಂಗಿನಿಂದ ನುಗ್ಗಿದ 50. ಆಗ ಗ್ರೌಂಡ್ ತಂತಿ, ಬೋರ್ಡ್ ಮುಚ್ಚುವ ಲೋಹದ ಡಬ್ಬಿ ನೋಡಬೇಕು.

ಅವನು ಮೂರನೇ ಮನೆ ಒತ್ತಿ ಮೀಟಿದ, ಕಿವಿಗೊಟ್ಟ. "ಮಾಮಾ, ಮೇಲಿನ ಗುಂಯ್, ಕೆಳಗಿನ ಗುಂಯ್, ಎರಡೂ ಜೋಡಿ ಅದಾವು." ಪ್ಲಸ್ ತಂತಿಯ ದಾರಿಯಲ್ಲಿ 100 ಓಮ್ ರೆಸಿಸ್ಟರ್, ಅದರಾಚೆ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿಸಿದೆ. ಲೆಕ್ಕದ ಪ್ರಕಾರ ಆ 100 ಹರ್ಟ್ಜ್ ಉಬ್ಬು ಆರರಲ್ಲಿ ಒಂದು ಪಾಲಿಗೆ ಇಳಿಯಬೇಕು, ಹಾಗೇ ಇಳಿಯಿತು. ಉಳಿದದ್ದು ಕೆಳಗಿನ ಸ್ವರ. ಅಕ್ಕನ ಅಡುಗೆಮನೆಯಿಂದ ಸ್ಟೀಲ್ ಡಬ್ಬಿ ತಂದು, ಅದಕ್ಕೊಂದು ಗ್ರೌಂಡ್ ತಂತಿ ಕೊಟ್ಟು, ಬೋರ್ಡನ್ನು ಒಳಗಿಟ್ಟು ಮುಚ್ಚಳ ಹಾಕಿದ. ಮುಚ್ಚಳ ಕೂತ ಕ್ಷಣವೇ ಸ್ಪೀಕರ್ ಮೌನವಾಯಿತು. ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದು ಆಗ ಕೇಳಿಸಿತು.